ಮಂಗಳೂರಿನ ಹಿತ್ತಿಲುಗಳ ಕಾವಲು

ಬೆಳೆಗೆ ಹಾಕುವ ಬೇಲಿಯು ಹೇಗಿರಬೇಕೆಂಬುದನ್ನು ಮನುವು ತನ್ನ ಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ವಿಧಿಸಿರುವನು. ಹೊರಗೆ ನಿಂತ ಒಂಟೆಯು ಕತ್ತನ್ನು ನೀಡಿದರೂ ಒಳಗಣ ಪೈರನ್ನು ಕಾಣಲಾಗದಷ್ಟು ಅದು ಎತ್ತರವಾಗಿರಬೇಕು. ನಾಯಿಯ ಮೂತಿ, ಹಂದಿಯ ಮೂತಿ ತೂರುವಂತಹ ಕಂಡಿಗಳೆಲ್ಲವನ್ನೂ ಮುಚ್ಚಿರಬೇಕು. ಊರ ಸುತ್ತಣ ಗೋಮಾಳದ ಮಗ್ಗುಲಲ್ಲಿ ಬೇಲಿಯಿಲ್ಲದೆ ಬೆಳೆದ ಪೈರನ್ನು ದನಗಳು ಮೇಯ್ದರೆ ಅರಸನು ದನಗಾಹಿಯನ್ನು ದಂಡಿಸತಕ್ಕುದಲ್ಲ. ಬೇಲಿಯಿದ್ದೂ ಮೇಯ್ದರೆ ನೂರು ಪಣ ದಂಡ. ಒಡೆಯನು ಮೊದಲು ತನ್ನ ಕೆಲಸವನ್ನು ಮಾಡಬೇಕು, ಆಮೇಲೆ ಅರಸನ ಕೆಲಸವು ಮೊದಲಾಗುವುದು ಎಂಬುದು ಇದರ ತಾತ್ಪರ್ಯ. ಒಂಟೆಯನ್ನು ಕಾಣದ ತುಳುನಾಡಿನಲ್ಲಿ ಈ ಶ್ಲೋಕದ ಪೂರ್ವಾರ್ಧವು ಬರಿಯ ಪಾಠವಾಗಿ ಉಳಿಯಿತು. ಉತ್ತರಾರ್ಧದ ಹಂದಿಯಾದರೋ ಪ್ರತಿ ವರ್ಷವೂ ಬಂದು ತನ್ನ ಪ್ರಾಮಾಣ್ಯವನ್ನು ಸ್ಥಾಪಿಸಿ ಹೋಗುತ್ತಿರುವುದು.

ಕಳ್ಳನ ವಿಷಯದಲ್ಲಿ ಅದೇ ಅಧ್ಯಾಯದ ವಿಧಿಗಳು ಇನ್ನೂ ಸ್ವಾರಸ್ಯವಾಗಿವೆ. ಹೂವು, ಹಸಿಯ ಧಾನ್ಯ, ಪೊದೆ, ಬಳ್ಳಿ ಮೊದಲಾದುವನ್ನು ಕದ್ದವನಿಗೆ ಐದು ಕೃಷ್ಣಲ ದಂಡ. ಕೃಷ್ಣಲವೆಂದರೆ ಗುಲಗಂಜಿಯ ತೂಕ. ದಾರಿಯ ಬುತ್ತಿಯು ತೀರಿದ ದ್ವಿಜನು ಪರರ ಹೊಲದಿಂದ ಎರಡು ಕಬ್ಬಿನ ಜಲ್ಲೆಗಳನ್ನೂ ಎರಡು ಮೂಲಂಗಿಯಂತಹ ಗೆಡ್ಡೆಗಳನ್ನೂ ತೆಗೆದುಕೊಂಡರೆ ಅದಕ್ಕೆ ದಂಡವಿಲ್ಲ. ಅಗ್ನಿಗಾಗಿ ಕಟ್ಟಿಗೆ, ಹಸುವಿಗಾಗಿ ಹುಲ್ಲು, ಮರಗಳ ಬೇರು ಹಣ್ಣು ಇವನ್ನು ಕೊಳ್ಳುವುದು ಕಳವೇ ಅಲ್ಲವೆಂದಿದೆ. ಇದಕ್ಕೂ ಮಿಗಿಲಾದ ಒಂದು ಮಾತಿದೆ: ಕಳವಿನ ಪಾಪವು ಶೂದ್ರನಿಗೆ ಎಂಟು ಮಡಿಯಾದರೆ ವೈಶ್ಯನಿಗೆ ಹದಿನಾರು, ಕ್ಷತ್ರಿಯನಿಗೆ ಮೂವತ್ತೆರಡು, ಬ್ರಾಹ್ಮಣನಿಗೆ ಅರುವತ್ತನಾಲ್ಕು, ನೂರು, ಅಥವಾ ನೂರಿಪ್ಪತ್ತೆಂಟು. ತಿಳಿದು ಕದ್ದವನ ಹೊಣೆಯು ಹೆಚ್ಚೆಂದು ಅರ್ಥ. ಇದೇ ಸ್ಮೃತಿಯ ಬೇರೆ ವಿಧಿಗಳಲ್ಲಿ ದಂಡವು ಮೇಲಿನವನಿಗೆ ಹಗುರಾಗಿ ಕೆಳಗಿನವನಿಗೆ ಭಾರವಾಗಿರುವುದನ್ನು ಬಲ್ಲವರು ಈ ಮಾತನ್ನು ವಿಶೇಷವಾಗಿ ನೆನೆಯಬೇಕು.

ಹೀಗೆ ಬೆಳೆಯ ಕಾವಲೆಂಬುದು ಬೇಲಿಯ ಮಾತು ಮಾತ್ರವಲ್ಲ. ಕಾಯುವವನಾರು, ಯಾರಿಂದ ಕಾಯುವನು, ಕಾಯುವ ಅಧಿಕಾರವು ಅವನಿಗೆ ಎಲ್ಲಿಂದ ಬಂದಿತು ಎಂಬ ಪ್ರಶ್ನೆಗಳು ಅದರಲ್ಲಿ ಅಡಗಿವೆ. ಮಂಗಳೂರಿನ ಹಿತ್ತಿಲುಗಳಲ್ಲಿ ಬೆಳೆದ ತೆಂಗು, ಅಡಿಕೆ, ಒಳ್ಳೆಮೆಣಸುಗಳ ವಿಷಯದಲ್ಲಿ ಈ ಪ್ರಶ್ನೆಗಳಿಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳು ದೊರೆತುವು. ಭಂಗಿಯೆಂಬ ಒಂದು ಗಿಡದ ವಿಷಯದಲ್ಲಿಯಾದರೋ ಉತ್ತರವು ತಲೆಕೆಳಗಾಯಿತು.

ಘಟ್ಟದ ಮೇಲಣ ಬಯಲುಸೀಮೆಯಲ್ಲಿ ಮನೆಗಳೆಲ್ಲವೂ ಒಂದೆಡೆಯಲ್ಲಿ ಗುಂಪಾಗಿದ್ದು ಹೊಲಗಳು ಊರ ಹೊರಗಿರುವುವು. ಅಂತಹ ಊರುಗಳಿಗೆ ತಳವಾರನುಂಟು, ತೋಟಿಯುಂಟು. ಪೈರಿನ ಕಾಲದಲ್ಲಿ ಕಾವಲಿದ್ದು ಕಣದಲ್ಲಿ ತಮ್ಮ ಪಾಲಿನ ಆಯವನ್ನು ಪಡೆಯುವುದು ಅವರ ಹಕ್ಕಾಗಿತ್ತು. ಕರಾವಳಿಯ ರೀತಿಯೇ ಬೇರೆ. ಇಲ್ಲಿ ಊರೆಂಬುದು ಒಂದು ಗುಂಪಲ್ಲ. ಒಂದೊಂದು ಮನೆಯೂ ತನ್ನ ತೋಟದ ನಡುವೆ, ತನ್ನ ಬಾವಿಯ ಮಗ್ಗುಲಲ್ಲಿ ಒಂಟಿಯಾಗಿ ನಿಂತಿರುವುದು. ನೇತ್ರಾವತಿ ಮತ್ತು ಗುರುಪುರ ಹೊಳೆಗಳ ನಡುವಣ ಮಂಗಳೂರು ನಗರವಾಗಿ ಬೆಳೆದ ಮೇಲೆಯೂ ಬಿಜೈ, ಕದ್ರಿ, ಅತ್ತಾವರ, ಜೆಪ್ಪು, ಬೋಳೂರು ಮೊದಲಾದ ಭಾಗಗಳಲ್ಲಿ ಬಹುಕಾಲ ಈ ರೂಪವೇ ಉಳಿದಿತ್ತು. ಒಂದು ಮನೆಯಲ್ಲಿ ಕೂಗಿದರೆ ನೆರೆಯ ಮನೆಗೆ ಕೇಳಿಸೀತೆಂಬ ಭರವಸೆಯಿಲ್ಲದ ಕಡೆಯಲ್ಲಿ ತಳವಾರನೊಬ್ಬನು ಎಷ್ಟು ತೋಟಗಳನ್ನು ಸುತ್ತಿಯಾನು? ಆದುದರಿಂದ ಇಲ್ಲಿ ಪ್ರತಿಯೊಂದು ಹಿತ್ತಿಲೂ ತನ್ನ ಕಾವಲನ್ನು ತಾನೇ ಕಲ್ಪಿಸಿಕೊಳ್ಳಬೇಕಾಯಿತು.

ಅದರಲ್ಲಿ ಮೊದಲನೆಯದು ಪಾಗಾರ. ಅಗೆದಾಗ ಮೆತ್ತಗಿದ್ದು ಗಾಳಿ ಬಿಸಿಲು ತಾಕಿದೊಡನೆ ಗಟ್ಟಿಯಾಗುವ ಕೆಂಪು ಮುರಕಲ್ಲನ್ನು ಈ ನೆಲವೇ ಒದಗಿಸಿತು. ಕಲ್ಲಿಗೆ ಹಣವಿಲ್ಲದವನು ಅಗಳನ್ನು ತೋಡಿ, ಆ ಮಣ್ಣನ್ನೇ ಒಳಮಗ್ಗುಲಲ್ಲಿ ಏರಿಯಾಗಿ ಒಟ್ಟಿದನು; ಒಂದೇ ಕೆಲಸದಿಂದ ಕಳ್ಳನಿಗೆ ತಗ್ಗೂ ಗೋಡೆಯೂ ಸಿದ್ಧವಾದುವು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ಈ ಊರಿನಲ್ಲಿ ಮಣ್ಣಿನ ಗೋಡೆಯು ಒಂದು ಮಳೆಗಾಲವನ್ನು ದಾಟುವುದೇ ಕಷ್ಟ. ಅದರ ನೆತ್ತಿಗೆ ತೆಂಗಿನ ಮಡಲನ್ನು ಹೊದಿಸುವುದೂ, ನೀರಿಳಿದ ಮೇಲೆ ಕುಸಿದುದನ್ನು ಎತ್ತಿ ಕಟ್ಟುವುದೂ ಗೃಹಸ್ಥನ ವಾರ್ಷಿಕ ವ್ರತಗಳಲ್ಲಿ ಸೇರಿದ್ದುವು. ಆದರೂ ಯಾವ ಪಾಗಾರವೂ ಪೂರ್ತಿಯಾಗಿ ಮುಚ್ಚಿದುದಲ್ಲ. ಕಾಲುದಾರಿಯು ತೋಟದ ನಡುವೆ ಹಾದುಹೋಗುವುದು ಇಲ್ಲಿ ಸಾಮಾನ್ಯ. ದನ ದಾಟದಂತೆ, ಮನುಷ್ಯನು ಮಾತ್ರ ಕಾಲೆತ್ತಿ ದಾಟುವಂತೆ ಅಲ್ಲೊಂದು ತಡಮೆಯನ್ನಿಡುವರು. ತಡಮೆಯಿರುವ ಬೇಲಿಯು ದಾರಿಹೋಕನನ್ನು ನಂಬಿ ಕಟ್ಟಿದ ಬೇಲಿ. ಅದರ ಎತ್ತರವನ್ನು ನೋಡಿದರೆ ಕಳ್ಳನನ್ನು ತಡೆಯುವ ಆಸೆಯು ಅದಕ್ಕೆ ಎಂದೂ ಇರಲಿಲ್ಲವೆಂದೇ ಹೇಳಬೇಕು.

1623ರ ಕೊನೆಯಲ್ಲಿ ಪಿಯೆತ್ರೊ ದೆಲ್ಲಾ ವಾಲೆ ಎಂಬ ಇಟಲಿಯ ಯಾತ್ರಿಕನು ಮಂಗಳೂರಿಗೆ ಬಂದಿದ್ದನು. ಅವನು ಕದ್ರಿಗೆ ಹೋಗಿ ಜೋಗಿಗಳ ಅರಸನನ್ನು ಕಂಡನು. ಅರಸನೆಂಬ ಹೆಸರನ್ನು ಕೇಳಿ ಹೋದವನಿಗೆ ಅಲ್ಲಿ ಕಾಣಿಸಿದುದು ಉದ್ದವಾದ ಬಿಳಿಯ ಗಡ್ಡದ, ಮೈಕಟ್ಟು ಗಟ್ಟಿಯಾದ ಒಬ್ಬ ಮುದುಕ. ಸಾಮಾನ್ಯ ಒಕ್ಕಲಿಗನಂತೆ ತನ್ನ ಕೆಲಸದಲ್ಲಿ ತೊಡಗಿದ್ದನು. ಅದೇ ಪ್ರವಾಸದಲ್ಲಿ ಅವನು ಉಳ್ಳಾಲದ ರಾಣಿಯನ್ನೂ ಕಂಡನು. ಅವಳು ಬರಿಗಾಲಿನಲ್ಲಿ ನಡೆದು ಬಂದು, ಗದ್ದೆಗಳ ಬಳಿ ತೋಡಿಸುತ್ತಿದ್ದ ಕಾಲುವೆಗಳನ್ನು ತಾನೇ ನೋಡಿಕೊಳ್ಳುತ್ತಿದ್ದಳು. ಯಾತ್ರಿಕನಿಗೆ ಇದು ಆಶ್ಚರ್ಯವಾಯಿತು, ಸ್ವಲ್ಪ ತಾತ್ಸಾರವೂ ಆಗಿರಬಹುದು. ಕದ್ರಿಯ ಹೆಸರನ್ನು ಕದಳಿಯಿಂದ, ಎಂದರೆ ಬಾಳೆಯಿಂದ, ಬಂದುದೆಂದು ಹೇಳುವ ನಾಡಿನಲ್ಲಿ ಮಠದ ಒಡೆಯನು ಮಣ್ಣು ಮುಟ್ಟಿದುದರಲ್ಲಿ ವಿಪರೀತವೇನೂ ಇಲ್ಲ. ಇಲ್ಲಿಯ ತೋಟವನ್ನು ಕಾಯುವ ಎರಡನೆಯ ಉಪಾಯವು ಇದೇ ಆಗಿತ್ತು: ಒಡೆಯನು ಅಲ್ಲಿಯೇ ಇರುವುದು.

ಆದರೆ ಒಡೆಯನು ನಿದ್ರಿಸಲೇ ಬೇಕಲ್ಲವೆ? ತೆಂಗಿನಕಾಯಿಯ ಕಳವಿಗೆ ಮರ ಹತ್ತುವ ಕುಶಲತೆಯು ಬೇಕು; ಬಿದ್ದ ಕಾಯಿಯ ಸದ್ದು ಅರ್ಧ ಊರಿಗೆ ಕೇಳಿಸುವುದು. ಒಳ್ಳೆಮೆಣಸಿನ ಕಳ್ಳನಿಗೆ ಸದ್ದಿನ ಭಯವಿಲ್ಲ, ಕರೆಯನ್ನು ಕೊಯ್ದು ಮಡಿಲಿಗೆ ಹಾಕಿದರಾಯಿತು. ಎಲ್ಲಕ್ಕಿಂತಲೂ ಕಷ್ಟವಾದುದು ಅಡಿಕೆಯ ಕಾವಲು. ಮಲೆನಾಡಿನವರು ಎಳೆಯ ಅಡಿಕೆಯನ್ನು ಕೊಯ್ದು ಸುಲಿದು ಬೇಯಿಸುವರು. ದಕ್ಷಿಣ ಕನ್ನಡದವರಾದರೋ ಹಣ್ಣಾದುದನ್ನು ಕೊಯ್ದು, ಸಿಪ್ಪೆಯೊಡನೆಯೇ ಅಂಗಳದಲ್ಲಿ ಹರಡಿ, ಒಂದೂವರೆ ತಿಂಗಳ ಕಾಲ ಬಿಸಿಲಿಗೆ ಒಣಗಿಸಿ ಚಾಲಿಯನ್ನು ಮಾಡುವರು. ಒಂದು ವರ್ಷದ ಸಂಪಾದನೆಯೆಲ್ಲವೂ ಹಗಲಿರುಳು ಆಕಾಶದ ಕೆಳಗೆ, ಬಾಗಿಲಿಲ್ಲದ ಅಂಗಳದಲ್ಲಿ ಬಿದ್ದಿರುವುದು. ಮೇಲಾಗಿ ಒಂದು ಅಡಿಕೆಯನ್ನು ಇನ್ನೊಂದರಿಂದ ಬೇರ್ಪಡಿಸಿ ಗುರುತಿಸುವುದು ಬ್ರಹ್ಮನಿಗೂ ಅಸಾಧ್ಯ. ಕದ್ದವನು ಅದನ್ನು ತನ್ನ ಅಂಗಳದ ರಾಶಿಯಲ್ಲಿ ಬೆರಸಿದ ಕ್ಷಣದಿಂದ ಸಾಕ್ಷ್ಯವೆಂಬುದು ಇಲ್ಲವಾಗುವುದು.

ಸಾಕ್ಷಿಯಿಲ್ಲದ ಕಳವಿಗೆ ಮನುಷ್ಯರ ನ್ಯಾಯದಲ್ಲಿ ಮದ್ದಿಲ್ಲ. ಅಂತಹ ಕಡೆಯಲ್ಲಿ ತುಳುವರು ದೈವವನ್ನು ಕಾವಲಿಗೆ ನಿಲ್ಲಿಸಿದರು. ಪಂಜುರ್ಲಿಯು ಹಂದಿಯ ರೂಪದ ದೈವ; ಪೈರನ್ನು ಹಾಳುಮಾಡುವ ಪ್ರಾಣಿಯನ್ನೇ ಪೂಜಿಸಿ, ಪೈರಿನ ರಕ್ಷಣೆಯನ್ನು ಅದಕ್ಕೇ ಒಪ್ಪಿಸಿದ ಬುದ್ಧಿಯು ಸಾಮಾನ್ಯವಾದುದಲ್ಲ. ಕಳೆದುಹೋದ ವಸ್ತುವಿಗಾಗಿ ಕೊರಗ ತನಿಯನಿಗೆ ಹರಕೆ ಹೇಳುವರು. ಅವನನ್ನು ಜನರು ಪ್ರೀತಿಯಿಂದ ಕೊರಗಜ್ಜನೆಂದು ಕರೆಯುವರು. ಕಲ್ಕುಡ ಮತ್ತು ಕಲ್ಲುರ್ಟಿಯರ ಕಥೆಯಂತೂ ನಾಡಿಗೆಲ್ಲ ತಿಳಿದುದು. 1432ರಲ್ಲಿ ಕಾರ್ಕಳದಲ್ಲಿ ನಿಂತ ಗೊಮ್ಮಟನನ್ನು ಕಡೆದ ಶಿಲ್ಪಿಯು ಬೇರೆಡೆಯಲ್ಲಿ ಅಂತಹುದನ್ನು ಮತ್ತೆ ಕಡೆಯಬಾರದೆಂದು ಅರಸನು ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸಿದನೆಂದೂ, ಆ ಅನ್ಯಾಯಕ್ಕಾಗಿ ಅಣ್ಣನೂ ತಂಗಿಯೂ ದೈವಗಳಾಗಿ ಅರಮನೆಯನ್ನು ಕಾಡಿದರೆಂದೂ ಪಾಡ್ದನಗಳು ಹೇಳುವುವು. ಇಂತಹ ಪಾಡ್ದನಗಳನ್ನು ಸಂಗ್ರಹಿಸಿದ ಸಂಸ್ಕೃತ ವಿದ್ವಾಂಸ ಎ. ಸಿ. ಬರ್ನೆಲ್ಲನು 1882ರಲ್ಲಿ ತೀರಿಕೊಂಡನು. ಅವನ ಸಂಗ್ರಹವು 1894ರಿಂದ ‘ಇಂಡಿಯನ್ ಆ್ಯಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೈಕಾಲುಗಳನ್ನು ಕಳೆದುಕೊಂಡ ಕಲ್ಲುಕುಟಿಗನೂ ಅವನ ತಂಗಿಯೂ ಬಡವನ ಸೊತ್ತಿಗೆ ಕಾವಲಾದುದರಲ್ಲಿ ಔಚಿತ್ಯವುಂಟು. ಉಳ್ಳವರ ಅನ್ಯಾಯವನ್ನು ಅವರು ಮೈಯಲ್ಲಿಯೇ ತಿಳಿದವರು.

ದೈವಕ್ಕೆ ಒಪ್ಪಿಸಿದ ಮರವನ್ನು ಕದಿಯುವವನು ಕಡಿಮೆ. ಕದ್ದರೂ, ತರುವಾಯ ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದಾಗ, ಕರು ಸತ್ತಾಗ, ಅವನಿಗೆ ನೆನಪಾಗುವುದು ಆ ಮರವೇ. ದೂರು ಹೊತ್ತವನು ಧರ್ಮಸ್ಥಳಕ್ಕೆ ಹೋಗಿ ಮಂಜುನಾಥನ ಮುಂದೆ ಆಣೆಯಿಡಬೇಕಾದರೆ, ಮಾತು ಬಿಡ ಮಂಜುನಾಥನೆಂಬುದನ್ನು ನೆನೆದು ದಾರಿಯಲ್ಲಿಯೇ ರಾಜಿಯಾಗಿ ಹಿಂದಿರುಗುವುದುಂಟು. ಕಾಸರಗೋಡು ಸೀಮೆಯ ಕಾನತ್ತೂರಿನ ನಾಲ್ವರ್ ದೈವಗಳ ಸನ್ನಿಧಿಯಲ್ಲಿ ಇಂದಿಗೂ ವ್ಯಾಜ್ಯಗಳು ತೀರುತ್ತಿರುವುವು. ಈ ವ್ಯವಸ್ಥೆಯನ್ನು ಮೂಢತೆಯೆಂದು ತಳ್ಳಿಹಾಕುವವರು ಅದರ ಒಂದು ಗುಣವನ್ನು ಗಮನಿಸುವುದಿಲ್ಲ. ಕಳ್ಳನ ಹೆಸರು ಹೊರಬೀಳದೆ ವಸ್ತುವು ಹಿಂದಿರುಗುವ ದಾರಿಯನ್ನು ಅದು ತೆರೆದಿಟ್ಟಿತು. ಬೆಳಗಾಗುವಾಗ ತಡಮೆಯ ಬುಡದಲ್ಲಿ ಒಂದು ಗೋಣಿ ಅಡಿಕೆಯಿದ್ದರೆ ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಅದರ ದೋಷವೂ ಉಂಟು. ಭಯವು ನಿರಪರಾಧಿಯನ್ನೂ ಹಿಡಿಯುವುದು. ಬಡ ಕೂಲಿಯವನ ಮಗುವಿಗೆ ಜ್ವರ ಬಂದಾಗ ಅವನು ಕಳ್ಳನೇ ಇರಬೇಕೆಂದು ನೆರೆಯವರು ಪಿಸುಗುಟ್ಟುವುದನ್ನು ಯಾವ ದೈವವೂ ತಡೆಯಲಾರದು.

1799ರಲ್ಲಿ ಈ ಸೀಮೆಯು ಕಂಪೆನಿಯ ಕೈಸೇರಿತು. ಮೊದಲ ಕಲೆಕ್ಟರನಾದ ತಾಮಸ್ ಮನ್ರೋವು ಇಲ್ಲಿ ಭೂಮಿಯು ಖಾಸಗಿ ಸೊತ್ತಾಗಿ ಬಹುಕಾಲದಿಂದ ಅನುಭವದಲ್ಲಿರುವುದನ್ನು ಕಂಡು 1800ರಲ್ಲಿ ಅದನ್ನು ವಿಸ್ತಾರವಾಗಿ ಬರೆದನು. ಆದರೆ ಖಾಸಗಿ ಸೊತ್ತಿನೊಳಗೆ ಮೂಲಗೇಣಿ, ಚಾಲಗೇಣಿಗಳೆಂಬ ಪದರಗಳಿದ್ದುವು. ಮೂಲಗೇಣಿಯು ಶಾಶ್ವತವಾದುದು, ಚಾಲಗೇಣಿಯವನನ್ನು ಎಬ್ಬಿಸಬಹುದಾಗಿತ್ತು. ಚಾಲಗೇಣಿಯವನು ತನ್ನ ಕೈಯಾರೆ ನೆಟ್ಟು ನೀರೆರೆದ ಮರದ ಕಾಯಿಯನ್ನು ಕೊಯ್ದರೆ ಅದು ಬೆಳೆಯೇ ಕಳವೇ ಎಂಬ ತಗಾದೆಗೆ ಪಾಗಾರದಿಂದಾಗಲಿ ದೈವದಿಂದಾಗಲಿ ಸುಲಭವಾದ ಉತ್ತರವಿರಲಿಲ್ಲ. ಆ ಪ್ರಶ್ನೆಯು ಮುಗಿದುದು 1974ರ ಭೂಸುಧಾರಣೆಯ ತಿದ್ದುಪಡಿಯಿಂದ. ಅಂದಿನಿಂದ ಉತ್ತವನೇ ಒಡೆಯನಾದನು. ನೂರಾರು ಹಿತ್ತಿಲುಗಳಲ್ಲಿ ನಿನ್ನೆಯವರೆಗೆ ಕಾವಲಿಗಿದ್ದವನು ಇಂದು ಕಾವಲಿಡುವವನಾದನು.

1860ರ ದಂಡಸಂಹಿತೆಯು 1862ರಲ್ಲಿ ಜಾರಿಗೆ ಬಂದಾಗ ಕಳವಿನ ಲಕ್ಷಣವು ಒಂದು ಸೂಕ್ಷ್ಮವಾದ ತರ್ಕದ ಮೇಲೆ ನಿಂತಿತು. ನೈಯಾಯಿಕರಿಗೂ ಅದು ಮೆಚ್ಚುಗೆಯಾದೀತು. ಚರವಾದ ವಸ್ತುವನ್ನು ಮಾತ್ರ ಕದಿಯಬಹುದು; ನೆಲಕ್ಕೆ ಅಂಟಿಕೊಂಡುದು ಚರವಲ್ಲ; ಆದುದರಿಂದ ನೆಲದಲ್ಲಿರುವ ಮರವು ಕಳವಿಗೆ ವಿಷಯವೇ ಅಲ್ಲ. ಆದರೆ ಕಡಿದ ಕ್ಷಣದಲ್ಲಿ ಅದು ಚರವಾಗುವುದು. ಕಡಿಯುವ ಕ್ರಿಯೆಯೇ ಸಾಗಿಸುವ ಕ್ರಿಯೆಯೂ ಆಗಬಹುದಾದುದರಿಂದ, ಕತ್ತಿಯು ಬಿದ್ದೊಡನೆ ಕಳವು ಪೂರ್ಣವಾಗುವುದು. ಗೊನೆಯು ಮರದಲ್ಲಿರುವವರೆಗೆ ಕಳ್ಳನಿಲ್ಲ, ಗೊನೆಯು ಕೈಗೆ ಬಂದಾಗ ಕಳ್ಳನುಂಟು. 2024ರ ಜುಲೈ 1ರಿಂದ ಆ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯು ಬಂದಿದ್ದರೂ ಈ ತರ್ಕವು ಹಾಗೆಯೇ ಮುಂದುವರಿದಿದೆ. ತರ್ಕವು ಸೂಕ್ಷ್ಮವಾದರೂ ದಂಡವು ಸೂಕ್ಷ್ಮವಾಗಿರಲಿಲ್ಲ. 1864ರ ಕಾಯಿದೆಯು ಕಳವಿಗೆ ಛಡಿಯೇಟನ್ನು ವಿಧಿಸಿತು. 1955ರಲ್ಲಿ ಆ ಶಿಕ್ಷೆಯು ರದ್ದಾಗುವವರೆಗೆ ನಾಲ್ಕು ತೆಂಗಿನಕಾಯಿ ಕಿತ್ತ ಹುಡುಗನ ಬೆನ್ನೂ ಅದರ ಅಂಕೆಯೊಳಗಿತ್ತು. ಐದು ಗುಲಗಂಜಿಯ ತೂಕವನ್ನು ದಂಡವಾಗಿ ಹೇಳಿದ ಸ್ಮೃತಿಕಾರನನ್ನು ಕ್ರೂರನೆಂದು ಅದೇ ಕಾಲದ ಗ್ರಂಥಗಳು ಬರೆಯುತ್ತಿದ್ದುದು ಇಲ್ಲಿ ನೆನಪಾಗದೆ ಇರದು.

ಕೋವಿಯ ಮಾತನ್ನೂ ಹೇಳಿ ಮುಗಿಸಬಹುದು. 1878ರ ಆಯುಧ ಕಾಯಿದೆಯಿಂದ ಪರವಾನಿಗೆಯು ಕಡ್ಡಾಯವಾಯಿತು. 1959ರ ಕಾಯಿದೆಯು ಬೆಳೆಯ ರಕ್ಷಣೆಗಾಗಿ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಹೆಸರಿಸಿಯೇ ಹೇಳಿತು. ದಕ್ಷಿಣ ಕನ್ನಡದ ತೋಟಗಾರರಲ್ಲಿ ಇಂತಹ ಪರವಾನಿಗೆಯುಳ್ಳವರು ಬಹಳ. ಚುನಾವಣೆ ಬಂದಾಗಲೆಲ್ಲ ಅವರು ಕೋವಿಗಳನ್ನು ಠಾಣೆಗೆ ಒಪ್ಪಿಸಿ ಬರುವರು, ಹಂದಿಗಳಿಗೆ ಮತದಾನದ ದಿನಾಂಕವು ತಿಳಿಯುವುದೋ ಎಂಬಂತೆ ಅದೇ ಸಮಯದಲ್ಲಿ ಅವು ತೋಟಕ್ಕೆ ನುಗ್ಗುವುದೆಂದು ಗೊಣಗುವರು. ಈ ಕೋವಿಯು ಪ್ರಾಣಿಗಾಗಿ, ಮನುಷ್ಯನಿಗಾಗಿ ಅಲ್ಲ. ಬರಿಯ ಕಳವನ್ನು ತಡೆಯುವುದಕ್ಕಾಗಿ ಪ್ರಾಣ ತೆಗೆಯುವ ಹಕ್ಕನ್ನು ದಂಡಸಂಹಿತೆಯು ಯಾವ ಒಡೆಯನಿಗೂ ಕೊಡಲಿಲ್ಲ.

ಇಷ್ಟರವರೆಗೆ ಹೇಳಿದ ಬೆಳೆಗಳೆಲ್ಲವುಗಳಲ್ಲಿಯೂ ಒಂದು ಸಂಗತಿಯು ಸಮಾನವಾಗಿದೆ. ಪಾಗಾರವಾಗಲಿ, ದೈವವಾಗಲಿ, ಕೋರ್ಟಾಗಲಿ ಬೆಳೆಸಿದವನ ಪಕ್ಷದಲ್ಲಿದ್ದು ಹೊರಗಿನವನನ್ನು ತಡೆಯುತ್ತಿದ್ದುವು. ಅದೇ ಹಿತ್ತಿಲಿನಲ್ಲಿ ಬೆಳೆಯಬಲ್ಲ ಭಂಗಿಯ ಚರಿತ್ರೆಯು ಇದಕ್ಕೆ ವಿಪರೀತವಾದುದು.

ಭಂಗವೆಂಬ ಹೆಸರು ಅಥರ್ವವೇದದ ಹನ್ನೊಂದನೆಯ ಕಾಂಡದಲ್ಲಿ ಸೋಮನ ರಾಜ್ಯಕ್ಕೆ ಸೇರಿದ ಐದು ಸಸ್ಯವರ್ಗಗಳ ಸಾಲಿನಲ್ಲಿ ದರ್ಭೆ ಯವೆಗಳೊಡನೆ ಬಂದಿದೆ. ಪಾಣಿನಿಯು ಎಳ್ಳು, ಉದ್ದು, ಅಗಸೆ, ಭಂಗಾ, ಅಣುಧಾನ್ಯ ಇವು ಬೆಳೆಯುವ ಹೊಲಗಳಿಗೆ ಎರಡೆರಡು ರೂಪಗಳನ್ನು ಸಾಧಿಸಿ ತೋರಿಸಿರುವನು. ಅದರಂತೆ ಭಂಗಾ ಬೆಳೆಯುವ ಹೊಲವು ಭಂಗ್ಯ ಅಥವಾ ಭಾಂಗೀನ. ವ್ಯಾಕರಣಕಾರನು ಒಂದು ಹೊಲಕ್ಕೆ ಎರಡು ಹೆಸರನ್ನು ಸಾಧಿಸುವ ಶ್ರಮವನ್ನು ತೆಗೆದುಕೊಳ್ಳಬೇಕಾದರೆ ಅದು ಜನರು ದಿನವೂ ಕಾಣುವ ಹೊಲವಾಗಿದ್ದಿರಬೇಕು. ನಾರಿಗಾಗಿಯೋ ಬೀಜಕ್ಕಾಗಿಯೋ ಬೆಳೆದ ಆ ಹೊಲಕ್ಕೂ ಎಳ್ಳಿನ ಹೊಲಕ್ಕೂ ಅವನ ದೃಷ್ಟಿಯಲ್ಲಿ ಭೇದವಿಲ್ಲ. ಅಮರಸಿಂಹನು ಭಂಗೆಯನ್ನು ವೈಶ್ಯವರ್ಗದಲ್ಲಿ ಧಾನ್ಯಗಳ ನಡುವೆ ಇಟ್ಟು, ಮಾತುಲಾನೀ ಎಂಬ ಪರ್ಯಾಯವನ್ನು ಹೇಳಿರುವನು. ಅದೇ ಕೋಶದಲ್ಲಿ ಗಂಜಾ ಎಂಬ ಶಬ್ದವೂ ಇದೆ. ಅದರ ಅರ್ಥ ಗಿಡವಲ್ಲ, ಮದಿರೆಯ ಮನೆ! ಪುಲ್ಲಿಂಗದ ಗಂಜ ಶಬ್ದಕ್ಕೆ ಭಂಡಾರವೆಂದೂ ಅರ್ಥವುಂಟು. ಗಿಡವು ಮುಂದೆ ಸರಕಾರದ ಭಂಡಾರವನ್ನು ಸೇರಲಿರುವುದನ್ನು ಭಾಷೆಯು ಮೊದಲೇ ಬಲ್ಲುದೋ ಎಂದು ವಿನೋದಕ್ಕೆ ಹೇಳಬಹುದು.

ಪಶ್ಚಿಮ ಕರಾವಳಿಯಲ್ಲಿ ಈ ಗಿಡವನ್ನು ಪರದೇಶದವರು ಗಮನಿಸಿ ಬರೆದುದು ಹದಿನಾರನೆಯ ಶತಮಾನದಲ್ಲಿ. ಗಾರ್ಸಿಯಾ ದ ಓರ್ತನು 1563ರಲ್ಲಿ ಗೋವೆಯಲ್ಲಿ ಅಚ್ಚುಹಾಕಿಸಿದ ಔಷಧಿಗಳ ಸಂವಾದಗ್ರಂಥದಲ್ಲಿ ಭಂಗಿಗೆ ಒಂದು ಸಂವಾದವು ಮೀಸಲಾಗಿದೆ. 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರಬಂದ ವಾನ್ ರೀಡನ ‘ಹೊರ್ತುಸ್ ಮಲಬಾರಿಕುಸ್’ ಗ್ರಂಥದಲ್ಲಿ ಅದರ ಗಂಡು ಹೆಣ್ಣುಗಳೆರಡರ ಚಿತ್ರವೂ ಇದೆ. ಆ ಗ್ರಂಥಕ್ಕೆ ನೆರವಾದವರಲ್ಲಿ ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯನಲ್ಲದೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರೂ ಇದ್ದರು. ಆಗ ಅದು ಹಿತ್ತಿಲಿನ ಮದ್ದಿನ ಗಿಡಗಳಲ್ಲೊಂದು. ಅದಕ್ಕೆ ಕಾವಲೆಂಬುದು ತುಳಸಿಗೂ ಲೋಳೆಸರಕ್ಕೂ ಇರುವಷ್ಟೇ.

ಕಾವಲು ಬಂದುದು ತೆರಿಗೆಯೊಡನೆ. ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಪ್ರಶ್ನೆಯೆದ್ದುದರಿಂದ 1893ರಲ್ಲಿ ಒಂದು ಆಯೋಗವು ನೇಮಕವಾಯಿತು. ಅದರ ಅಧ್ಯಕ್ಷನು ಮ್ಯಾಕ್‌ವರ್ತ್ ಯಂಗ್. ಏಳು ಮಂದಿ ಸದಸ್ಯರಲ್ಲಿ ಮೂವರು ಭಾರತೀಯರು. 1,193 ಸಾಕ್ಷಿಗಳನ್ನು ವಿಚಾರಿಸಿ 1894ರಲ್ಲಿ ಅದು ತನ್ನ ವರದಿಯನ್ನು ಒಪ್ಪಿಸಿತು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಕಿಟ್ಟೆಲರ ಕನ್ನಡ ನಿಘಂಟು ಹೊರಟುದೂ ಅದೇ ವರ್ಷವೇ. ಒಂದು ಕಡೆ ನಾಡಿನ ಶಬ್ದಗಳ ಎಣಿಕೆ, ಇನ್ನೊಂದು ಕಡೆ ನಾಡಿನ ಗಿಡಗಳ ಎಣಿಕೆ. ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂತಹ ಕೇಡಿಲ್ಲವೆಂದೂ, ಪೂರ್ಣ ನಿಷೇಧವು ಬೇಡವೆಂದೂ, ಆದರೆ ಪರವಾನಿಗೆಯಿಲ್ಲದೆ ಯಾರೂ ಬೆಳೆಯದಂತೆ ಮಾಡಿ, ಬೆಳೆಯನ್ನು ಕೆಲವೇ ಕಡೆಗಳಲ್ಲಿ ಒಟ್ಟುಗೂಡಿಸಿ ತೆರಿಗೆಯನ್ನು ಪಡೆಯಬೇಕೆಂದೂ ಆಯೋಗವು ಹೇಳಿತು.

ಆಯೋಗದ ಕಣ್ಣಿನ ಮುಂದಿದ್ದ ಮಾದರಿಯು ಬಂಗಾಳದ ನೌಗಾಂವ್. ಇಂದು ಅದು ಬಾಂಗ್ಲಾದೇಶದಲ್ಲಿದೆ. ಅಲ್ಲಿ ಬೆಳೆಯುವವನಿಗೆ ಪರವಾನಿಗೆಯಿರಬೇಕಾಗಿತ್ತು. ಹೆಣ್ಣುಗಿಡಗಳು ಬೀಜ ಕಟ್ಟಿದರೆ ಸರಕು ಕೆಡುವುದರಿಂದ ಗಂಡುಗಿಡಗಳನ್ನು ಗುರುತಿಸಿ ಕೀಳುವುದಕ್ಕೆಂದು ಪೋದ್ದಾರನೆಂಬ ಪರೀಕ್ಷಕನು ಹೊಲಹೊಲಕ್ಕೂ ನಡೆದು ಬರುತ್ತಿದ್ದನು; ಇಂಗ್ಲಿಷರು ಅವನನ್ನು ಗಾಂಜಾ ಡಾಕ್ಟರನೆಂದು ಕರೆದರು. ಕೊಯ್ದುದನ್ನು ಗೊತ್ತಾದ ಕಣದಲ್ಲಿ ಹದಮಾಡಿ ಸರಕಾರದ ಗೋಲಾ ಎಂಬ ಉಗ್ರಾಣಕ್ಕೆ ತಂದು ತೂಗಿಸಬೇಕು. ಪರವಾನಿಗೆಯುಳ್ಳ ವ್ಯಾಪಾರಿಯು ಸುಂಕವನ್ನು ತೆತ್ತು ಅಲ್ಲಿಂದ ಒಯ್ಯಬೇಕು. ಇಷ್ಟು ಕಾವಲು ಬೇರೆ ಯಾವ ಬೆಳೆಗೂ ಇದ್ದಂತೆ ಕಾಣುವುದಿಲ್ಲ. ಆದರೆ ಈ ಕಾವಲಿನ ಮುಖವು ಹೊರಗಡೆಗಲ್ಲ, ಒಳಗಡೆಗೆ. ಹೊರಗಿನಿಂದ ಬರುವ ಕಳ್ಳನಿಗಿಂತಲೂ, ತಾನು ಬೆಳೆದುದರಲ್ಲಿ ಒಂದು ಹಿಡಿಯನ್ನು ತೂಕಕ್ಕೆ ತಾರದೆ ಮನೆಯಲ್ಲಿ ಉಳಿಸಿಕೊಳ್ಳುವ ಒಕ್ಕಲಿಗನ ಮೇಲೆಯೇ ಅದರ ದೃಷ್ಟಿ. ಮನುವಿನ ಬೇಲಿಯನ್ನು ಹಾಕಿದವನು ಒಡೆಯ. ಈ ಬೇಲಿಯನ್ನು ಹಾಕಿದುದು ಒಡೆಯನ ಸುತ್ತಲೂ.

ದಕ್ಷಿಣ ಕನ್ನಡವು ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದಿತು. 1886ರ ಮದ್ರಾಸ್ ಅಬಕಾರಿ ಕಾಯಿದೆಯಲ್ಲಿ ಭಂಗಿಯು ಮಾದಕ ವಸ್ತುಗಳೊಳಗೆ ಎಣಿಕೆಯಾಗಿದ್ದಿತು; ಆ ಪ್ರಾಂತದಲ್ಲಿ ಅದು ನೌಗಾಂವಿನಂತೆ ಒಂದೆಡೆಯಲ್ಲಿ ಬೆಳೆಯದೆ, ಹಿತ್ತಿಲುಗಳಲ್ಲಿ ಅಲ್ಲೊಂದು ಇಲ್ಲೊಂದಾಗಿ ಬೆಳೆಯುತ್ತಿದ್ದುದೇ ಅಧಿಕಾರಿಗಳಿಗೆ ತಲೆನೋವು. ಆಯೋಗದ ಬಳಿಕ ಬೆಳೆಯನ್ನು ಆಂಧ್ರ ಕರಾವಳಿಯ ಸಂತರಾವೂರು ಮತ್ತು ಉತ್ತರ ಆರ್ಕಾಡಿನ ಜವ್ವಾದಿ ಬೆಟ್ಟಗಳೆಂಬ ಎರಡೆಡೆಗಳಿಗೆ ಸೀಮಿತಗೊಳಿಸಿದರು. ಅಂದಿನಿಂದ ಹಿತ್ತಿಲಿನ ಮೂಲೆಯಲ್ಲಿ ತಾನಾಗಿ ಹುಟ್ಟಿದ ಗಿಡವೂ ಅಬಕಾರಿಯವರ ಲೆಕ್ಕದಲ್ಲಿ ಬೊಕ್ಕಸದಿಂದ ಕದ್ದ ಮಾಲಾಯಿತು. ಬೇಲಿಯೇ ಎದ್ದು ಹೊಲ ಮೇಯಿತೆಂಬ ಗಾದೆಯನ್ನು ಇಲ್ಲಿ ಹೇಳುವುದು ಸ್ವಲ್ಪ ಕಠಿನವಾದೀತು. ಮೇಯ್ದ ಬೇಲಿಯು ಮೇವಿಗೆ ರಶೀತಿಯನ್ನಂತೂ ಕೊಟ್ಟಿತು.

1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. 1985ರ ನವೆಂಬರಿನಲ್ಲಿ ಮಾದಕ ದ್ರವ್ಯಗಳ ಕೇಂದ್ರ ಕಾಯಿದೆಯು ಜಾರಿಗೆ ಬಂದುದರಿಂದ ರಶೀತಿಯ ಕಾಲವೂ ಮುಗಿಯಿತು. ಅದರ 20ನೆಯ ವಿಧಿಯಂತೆ ಭಂಗಿಯ ಗಿಡವನ್ನು ಬೆಳೆಸಿದವನಿಗೆ ಹತ್ತು ವರ್ಷಗಳವರೆಗೆ ಕಠಿನ ಸಜೆಯೂ ಒಂದು ಲಕ್ಷ ರೂಪಾಯಿಯವರೆಗೆ ದಂಡವೂ ಆಗಬಹುದು. 46ನೆಯ ವಿಧಿಯು ಇನ್ನೂ ವಿಚಿತ್ರವಾದುದು: ತನ್ನ ಭೂಮಿಯಲ್ಲಿ ಅಂತಹ ಗಿಡವನ್ನು ಯಾರಾದರೂ ಅಕ್ರಮವಾಗಿ ಬೆಳೆಸಿದ್ದರೆ ಭೂಮಿಯ ಒಡೆಯನು ಕೂಡಲೆ ಪೋಲೀಸರಿಗೆ ತಿಳಿಸತಕ್ಕುದು, ತಿಳಿದೂ ಸುಮ್ಮನಿದ್ದರೆ ಅವನೂ ಶಿಕ್ಷಾರ್ಹ. 48ನೆಯ ವಿಧಿಯಂತೆ ಆ ಬೆಳೆಯನ್ನು ಜಪ್ತಿಮಾಡಿ ನಾಶಪಡಿಸಬಹುದು. ಎಲೆ ಮತ್ತು ಬೀಜಗಳು ತುದಿಯ ಹೂಗಳಿಂದ ಬೇರೆಯಾಗಿದ್ದರೆ ಗಾಂಜಾ ಎಂಬ ಲಕ್ಷಣಕ್ಕೆ ಒಳಪಡುವುದಿಲ್ಲ. ಆದುದರಿಂದ ಕಾಶಿಯಲ್ಲಿ ಎಲೆಯನ್ನು ಅರೆದು ಕುಡಿಯುವ ಭಂಗಿಗೆ ಆ ಕಾಯಿದೆಯಲ್ಲಿ ಅಡ್ಡಿಯಿಲ್ಲ. ನಾರು ಬೀಜಗಳಿಗಾಗಿ ಬೆಳೆಯಲು ಸರಕಾರವು ಅನುಮತಿ ಕೊಡಬಹುದೆಂದೂ ಇದೆ. ಉತ್ತರಾಖಂಡವು ಅಂತಹ ಅನುಮತಿಯನ್ನು ಕೊಟ್ಟಿದೆ. ಪಾಣಿನಿಯ ಭಾಂಗೀನವು ಹೀಗೆ ಹಿಮಾಲಯದ ಮಗ್ಗುಲಲ್ಲಿ ಮತ್ತೆ ಕಾಣಿಸಿಕೊಂಡಿತು.

ಮಂಗಳೂರಿನಲ್ಲಿ ಈ ಕಾಯಿದೆಯ ಹಿಂದಿರುವ ಭಯವು ಸುಳ್ಳಲ್ಲ. ನಾಡಿನ ಮೂಲೆಮೂಲೆಗಳಿಂದ ವಿದ್ಯಾರ್ಥಿಗಳು ಬಂದು ನೆಲಸುವ ನಗರವಿದು. ಮಗನ ಓದಿಗೆಂದು ಹಣ ಕಳುಹಿಸಿದ ತಂದೆಯು ಠಾಣೆಯ ಬೆಂಚಿನ ಮೇಲೆ ಬಂದು ಕುಳಿತುಕೊಳ್ಳಬೇಕಾದ ಸಂಕಟವನ್ನು ಊರು ಕಂಡಿದೆ. ಹದಿನೆಂಟರ ಹುಡುಗನಿಗೆ ಈ ಗಿಡವು ಅಥರ್ವವೇದದ ಓಷಧಿಯಾಗಿ ಬರುವುದಿಲ್ಲ, ಸಾಲವಾಗಿ ಬರುವುದು. ಮಾರುವವನನ್ನು ದಂಡಿಸುವ ಕಾಯಿದೆಯನ್ನು ಆಕ್ಷೇಪಿಸುವವರು ಕಡಿಮೆ. ಆದರೆ ಒಂದು ಗಿಡವನ್ನು ಕುಂಡದಲ್ಲಿ ನೆಟ್ಟ ಅವಿವೇಕಿಗೂ ಹತ್ತು ವರ್ಷಗಳ ಸಜೆಯ ಬಾಗಿಲನ್ನು ತೆರೆದಿಟ್ಟುದು ಅಪರಾಧಕ್ಕೆ ತಕ್ಕ ದಂಡವೆಂಬ ಮಾತಿಗೆ ಒಪ್ಪುವುದೆ ಎಂದು ಧರ್ಮಶಾಸ್ತ್ರವನ್ನೋದಿದವರು ಕೇಳದೆ ಇರಲಾರರು.

ಅಂತಹವನ ಕುಂಡವನ್ನು ರಾತ್ರಿ ಯಾರಾದರೂ ಎತ್ತಿಕೊಂಡು ಹೋದರೆ ಅವನ ಗತಿಯೇನು? ನೆರೆಯವನನ್ನು ಕೂಗುವಂತಿಲ್ಲ, ಕೂಗಿದರೆ ನೆರೆಯವನೇ ಮೊದಲ ಸಾಕ್ಷಿ. ಠಾಣೆಗೆ ಹೋಗುವಂತಿಲ್ಲ, ದೂರು ಕೊಟ್ಟವನೇ ಮೊದಲ ಆರೋಪಿ. ಕದ್ದವನಿಗೆ ಇದೆಲ್ಲವೂ ಚೆನ್ನಾಗಿ ತಿಳಿದಿರುವುದರಿಂದಲೇ ಅವನು ಧೈರ್ಯವಾಗಿ ಬಂದನು. ಕಳವು ಮಾಡಿದವನಿಗೂ ಕಳಕೊಂಡವನಿಗೂ ಒಂದೇ ಭಯ, ಒಂದೇ ಮೌನ. ಪಾಗಾರದ ಎತ್ತರವು ಇಲ್ಲಿ ಉಪಯೋಗಕ್ಕೆ ಬಾರದು; ಎತ್ತರವಾದಷ್ಟೂ ಸಂಶಯವೇ ಬೆಳೆಯುವುದು. ಕೊರಗಜ್ಜನಿಗೆ ಹರಕೆ ಹೇಳಿಕೊಳ್ಳಬೇಕೆಂದರೂ ಕಳೆದುದು ಏನೆಂದು ಕಟ್ಟೆಯ ಮುಂದೆ ಬಾಯಿಬಿಟ್ಟು ಹೇಳಬೇಕಲ್ಲವೆ? ಇದು ನನ್ನದು ಎಂದು ನಾಲ್ವರ ಮುಂದೆ ಹೇಳಲಾಗದ ವಸ್ತುವಿಗೆ ಕಾವಲೆಂಬುದಿಲ್ಲ.

ಅಡಿಕೆಯಾದರೋ ಈಗಲೂ ನಾಲ್ವರ ಮುಂದೆ ಹೇಳಬಹುದಾದ ಸೊತ್ತು. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರ ಸಂಸ್ಥೆಯು ಹುಟ್ಟಿದ ಮೇಲೆ ಬೆಳೆಗಾರನಿಗೆ ಮಾರುಕಟ್ಟೆಯ ಆಸರೆಯು ದೊರೆಯಿತು. ಬೆಲೆಯೇರಿದಂತೆ ಕಳ್ಳರ ಶ್ರದ್ಧೆಯೂ ಏರಿತು. ನಗರದೊಳಗಣ ಹಿತ್ತಿಲುಗಳಲ್ಲಿ ಬಹುಪಾಲು ಮಹಡಿಗಳ ಕಟ್ಟಡಗಳ ಅಡಿಯಲ್ಲಿ ಹೋದುವು. ಊರಂಚಿನಲ್ಲಿ ಉಳಿದ ತೋಟಗಳ ಅಂಗಳಗಳಲ್ಲಿ ಚಾಲಿಯು ಇಂದಿಗೂ ಬಿಸಿಲಿಗೆ ಬೀಳುವುದು. ಮಾಡಿನ ಮೂಲೆಯಿಂದ ಒಂದು ಕ್ಯಾಮರಾ ಅದನ್ನು ಹಗಲೂ ಇರುಳೂ ನೋಡುತ್ತಿರುವುದು. ದೂರದೇಶದಲ್ಲಿ ನೌಕರಿಯಲ್ಲಿರುವ ಮಗನು ಕೈಯೊಳಗಣ ಫೋನಿನಲ್ಲಿ ತಂದೆಯ ಅಂಗಳವನ್ನು ಕಾಯುವನು. ಅದೇ ಅಂಗಳದ ಆಚೆ, ಹಲಸಿನ ಮರದ ಬುಡದಲ್ಲಿ, ಕಲ್ಲುರ್ಟಿಯ ಕಲ್ಲಿಗೆ ಸಂಕ್ರಮಣದ ಸಂಜೆ ತಾಯಿಯು ದೀಪವಿಟ್ಟು ಬರುವಳು.